ಉಪ್ಪುಗಾಳಿಯ ಊರಲ್ಲಿ ಕ್ಯಾಮೆರಾ ಬ್ರಾಕೆಟ್ ಬಿಚ್ಚುವುದು

ಮಲ್ಪೆ, ಗಂಗೊಳ್ಳಿ ಕಡೆ ಸಿಸಿಟಿವಿ ಸರ್ವೀಸಿಗೆ ಹೋದರೆ ಕ್ಯಾಮೆರಾಕ್ಕಿಂತ ಹೆಚ್ಚು ಕಾಟ ಕೊಡುವುದು ಅದರ ಬ್ರಾಕೆಟ್. ಬ್ರಾಕೆಟ್ ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್. ಎರಡರ ಮಧ್ಯೆ ಉಪ್ಪಿನ ಪಸೆ ನಿಂತರೆ ಸವೆಯುವುದು ಅಲ್ಯೂಮಿನಿಯಂ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿ ಎರಡೂ ಕಚ್ಚಿಕೊಂಡಿರುತ್ತವೆ.

ಆಗ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀ) ತೂರಿಸಿ ಬಲ ಹಾಕಿದರೆ ಸ್ಕ್ರೂ ತಲೆಯ ಗುಳಿಯ ಆರು ಮೂಲೆಯೂ ಸವೆದು ದುಂಡಗಾಗುತ್ತದೆ. ನಾನು ಮೊದಲು ಸೂಜಿಯಿಂದ ಗುಳಿಯೊಳಗಿನ ಪೇಂಟು, ಉಪ್ಪು ಕೆದಕಿ ತೆಗೆಯುತ್ತೇನೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ. ಸ್ಪ್ರೇಯನ್ನು ನೇರ ಹೊಡೆಯಬಾರದು, ಗ್ಲಾಸಿಗೆ ಎರಚಿದರೆ ರಾತ್ರಿ ಚಿತ್ರ ಮಬ್ಬಾಗುತ್ತದೆ. ಎಣ್ಣೆ ಇಳಿಯುವವರೆಗೆ ಚಾ ಕುಡಿದು ಬರಬಹುದು. ಕೀ ಅಳತೆಯನ್ನೂ ನೋಡಬೇಕು: 2.5 ಮಿ.ಮೀ. ಗುಳಿಗೆ 3/32 ಇಂಚಿನ ಕೀ ಸಲೀಸಾಗಿ ಹೋಗುತ್ತದೆ, ಆದರೆ ಅದು 2.38 ಮಿ.ಮೀ. ಅಷ್ಟೆ. ಮೂಲೆ ಕೆಡಲು ಆ ಸಂದಿ ಸಾಕು. ಸಡಿಲಿಸುವ ಮೊದಲು ಒಂದು ಚೂರು ಬಿಗಿಯುವ ಕಡೆಗೇ ತಿರುಗಿಸಿದರೆ ಕಚ್ಚು ಬಿಡುತ್ತದೆ. ಇನ್ನೊಂದು ಕೈ ಕ್ಯಾಮೆರಾ ಮೇಲೇ ಇರಲಿ, ಸ್ಕ್ರೂ ಬಿಟ್ಟ ಕ್ಷಣ ಅದು ಮೂತಿ ಕೆಳಗೆ ಹಾಕುತ್ತದೆ.

ತಿರುಗಿಸಿ ಕೂರಿಸುವ ಕೆಲಸ ಹಗಲಿಗೆ ಮುಗಿಯುವುದಿಲ್ಲ. "ರಾತ್ರಿ ಮೇಲೆ ಬೆಳ್ಳಗೆ, ಅಂಗಳ ಪೂರಾ ಕತ್ತಲೆ, ಎಂತ ಮಾರಾಯ್ರೇ ಇದು?" ಎಂದು ಐಸ್ ಪ್ಲಾಂಟಿನ ಯಜಮಾನರೊಬ್ಬರು ಕರೆಸಿದ್ದರು. ಸೂರಿನ ಶೀಟಿನ ಅಂಚು ಚಿತ್ರದ ಮೇಲ್ತುದಿಯಲ್ಲಿ ಒಂದಿಷ್ಟೇ ಇತ್ತು. ಕ್ಯಾಮೆರಾ ರಾತ್ರಿ ಬಿಡುವ ಐಆರ್ (ಇನ್‌ಫ್ರಾರೆಡ್) ಬೆಳಕು ಅದಕ್ಕೆ ಬಡಿದು ವಾಪಸು ಬಂದು, ಬೆಳಕು ಜಾಸ್ತಿಯಾಯಿತೆಂದು ಕ್ಯಾಮೆರಾ ತಾನೇ ಚಿತ್ರವನ್ನು ಕಪ್ಪಗೆ ಮಾಡುತ್ತಿತ್ತು. ಮೂತಿ ಸ್ವಲ್ಪ ತಗ್ಗಿಸಿದ್ದಷ್ಟೇ ರಿಪೇರಿ. ಜೇಡರ ಬಲೆಯೂ ಇದೇ ಆಟ ಆಡುತ್ತದೆ.

ಇಡೀ ಅಂಗಳ ಒಂದರಲ್ಲೇ ಕಾಣಬೇಕು ಎನ್ನುವವರಿಗೆ ನಾನು ಲೆಕ್ಕ ಹೇಳುತ್ತೇನೆ. ಗುರುತಿಲ್ಲದವನ ಮುಖ ಗುರುತು ಹಿಡಿಯಲು ಮೀಟರಿಗೆ 250 ಪಿಕ್ಸೆಲ್ ಬೇಕೆಂದು 2014ರ ಅಂತರರಾಷ್ಟ್ರೀಯ ಮಾನದಂಡ ಹೇಳಿತ್ತು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 1920 ಪಿಕ್ಸೆಲ್, ಅಂದರೆ ಮುಖ ಗುರುತಾಗುವುದು ಏಳೂವರೆ ಮೀಟರ್ ಚಿಲ್ಲರೆ ಅಗಲಕ್ಕೆ ಮಾತ್ರ. ಅದಕ್ಕಿಂತ ಅಗಲ ಹಿಡಿದರೆ ಯಾರೋ ಬಂದರು ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಕಳ್ಳನ ಕೈಗೆ ಸಿಗಬಾರದೆಂದು ತೀರಾ ಎತ್ತರಕ್ಕೆ ಹಾಕಿಸಿದರೆ ಟೋಪಿ ಮಾತ್ರ ರೆಕಾರ್ಡ್ ಆಗುತ್ತದೆ.

ವಾಪಸು ಜೋಡಿಸುವಾಗ ಸ್ಕ್ರೂ ಮರೆಗೆ (ಸುರುಳಿ ಗೆರೆಗೆ) ಗ್ರೀಸ್ ಸವರುತ್ತೇನೆ. ಅದಕ್ಕೆ ಬಿಲ್ ಹಾಕುವುದಿಲ್ಲ, ಮುಂದಿನ ಸಲ ಏಣಿ ಹತ್ತುವವನು ಹೆಚ್ಚಾಗಿ ನಾನೇ.