ಅರ್ಲ್ ಕ್ಯಾಂಪ್‌ಬೆಲ್ಲೋ, ರಿಕಿ ವಿಲಿಯಮ್ಸೋ?

ನಾನು ಎಂ.ಎಸ್. ಮಾಡಲು ಆಸ್ಟಿನ್‌ಗೆ ಬಂದದ್ದು 1997ರ ಆಗಸ್ಟಿನಲ್ಲಿ. ಆ ಇಸವಿ ಕೇಳಿದ ಕೂಡಲೇ ಇಲ್ಲಿನವರ ಮುಖ ಅರಳುತ್ತದೆ. "ಹಾಗಾದರೆ ರಿಕಿಯನ್ನು ಕಣ್ಣಾರೆ ನೋಡಿದ್ದೀಯ! ಸರಿ, ನೀನೇ ಹೇಳು, ಟೆಕ್ಸಸ್ ತಂಡದ ಅತಿ ದೊಡ್ಡ ರನ್ನಿಂಗ್ ಬ್ಯಾಕ್ ಯಾರು? ರಿಕಿಯೋ, ಅರ್ಲೋ?" ಮಾತು ಇಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಲಾಂಗ್‌ಹಾರ್ನ್ಸ್‌ನದು. ಆಫೀಸಿನಲ್ಲಿ ಕೇಳುತ್ತಾರೆ, ಕ್ಷೌರದಂಗಡಿಯಲ್ಲಿ ಕೇಳುತ್ತಾರೆ. ಸೆಪ್ಟೆಂಬರ್ ಬಂತೆಂದರೆ ಮನೆ ಮುಂದೆ ಲಾಂಗ್‌ಹಾರ್ನ್ಸ್ ಬಾವುಟ ಏರಿಸುವ ಪಕ್ಕದ ಮನೆಯ ಹಿರಿಯರು ಪ್ರತಿ ವರ್ಷ ತಪ್ಪದೆ ಕೇಳುತ್ತಾರೆ. ಯುಗಾದಿ ಊಟಕ್ಕೆ ಸೇರುವ ನಮ್ಮ ಕನ್ನಡದ ಮನೆಗಳ ಮಕ್ಕಳು, ಇಲ್ಲೇ ಹುಟ್ಟಿ ಬೆಳೆದವರು, ಇತ್ತೀಚಿನ ಆಟಗಾರ ಬಿಜಾನ್ ರಾಬಿನ್ಸನ್ ಹೆಸರೆತ್ತಿ ಪ್ರಶ್ನೆಯನ್ನೇ ತಿರುಗಿಸುತ್ತಾರೆ: "ಅಂಕಲ್, ಬಿಜಾನ್ ಯಾಕೆ ಆಗಬಾರದು?"

ನನ್ನ ಉತ್ತರ ರಿಕಿ ವಿಲಿಯಮ್ಸ್. ಯಾಕೆ ಅಂತ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಅಮೆರಿಕನ್ ಫುಟ್‌ಬಾಲಿನಲ್ಲಿ ಹತ್ತು ಯಾರ್ಡ್ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹನ್ನೊಂದು ಜನರ ನಡುವೆ ನುಗ್ಗಿ ಓಡುವವನು ರನ್ನಿಂಗ್ ಬ್ಯಾಕ್. ಕಬಡ್ಡಿಯ ರೈಡರ್‌ನನ್ನು ನೆನೆಸಿಕೊಳ್ಳಿ. ಅವನು ಮುಟ್ಟಿ ತನ್ನ ಅಂಗಳಕ್ಕೆ ಹಿಂದಿರುಗಬೇಕು, ಇವನಿಗೆ ಹಿಂದಿರುಗುವ ದಾರಿಯೇ ಇಲ್ಲ. ಬೀಳುವ ಮುಂಚೆ ಎಷ್ಟು ದೂರ ಹೋದ ಅನ್ನುವುದಷ್ಟೇ ಲೆಕ್ಕ. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡು ಒಯ್ದರೆ ಅದು ಟಚ್‌ಡೌನ್. ಒಂದು ಋತುವಿನಲ್ಲಿ 1,000 ಯಾರ್ಡ್ ಓಡಿದವನನ್ನು ಊರೆಲ್ಲ ಕೊಂಡಾಡುತ್ತದೆ. ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವ ಹೈಸ್‌ಮನ್ ಟ್ರೋಫಿ. ಟೆಕ್ಸಸ್ ತಂಡದಲ್ಲಿ ಅದನ್ನು ಗೆದ್ದವರು ಇಬ್ಬರೇ: 1977ರಲ್ಲಿ ಅರ್ಲ್ ಕ್ಯಾಂಪ್‌ಬೆಲ್, 1998ರಲ್ಲಿ ರಿಕಿ ವಿಲಿಯಮ್ಸ್.

ಈ ಚರ್ಚೆಯಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ ಅಂತ ನನಗನ್ನಿಸುತ್ತದೆ. ಅರ್ಲ್ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ತಿಳಿನೀಲಿ ಜರ್ಸಿ. 1978ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ಪರ ಆಡುವಾಗ ರ‍್ಯಾಮ್ಸ್ ತಂಡದ ಐಸಾಯ ರಾಬರ್ಟ್‌ಸನ್‌ನ ಎದೆಗೆ ತಲೆಯಿಂದ ಗುದ್ದಿ, ಹರಿದ ಜರ್ಸಿಯಲ್ಲೇ ಓಡಿದ ಆ ದೃಶ್ಯವನ್ನು ನೋಡದವರಿಲ್ಲ. ವೃತ್ತಿಪರ ಲೀಗಿನಲ್ಲಿ ಮೊದಲ ಮೂರು ವರ್ಷವೂ ಅತಿ ಹೆಚ್ಚು ಯಾರ್ಡ್ ಓಡಿದವನು ಅವನೇ. ರಿಕಿ ಅಂದ ತಕ್ಷಣ ನೆನಪಾಗುವುದು ಬೇರೆಯೇ ಕಥೆ. 1999ರಲ್ಲಿ ನ್ಯೂ ಆರ್ಲೀನ್ಸ್ ತಂಡ ಅವನೊಬ್ಬನಿಗಾಗಿ ಆ ವರ್ಷದ ತನ್ನ ಡ್ರಾಫ್ಟ್ ಆಯ್ಕೆಗಳನ್ನೆಲ್ಲ, ಅಂದರೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಹಕ್ಕುಗಳನ್ನೆಲ್ಲ, ಬಿಟ್ಟುಕೊಟ್ಟಿತು, ಹೊರಲಾಗದ ನಿರೀಕ್ಷೆಯನ್ನು ಹುಡುಗನ ಹೆಗಲ ಮೇಲೆ ಹೇರಿತು. ಆಮೇಲೆ ಗಾಂಜಾ ಪರೀಕ್ಷೆ, ಅಮಾನತು, 2004ರ ಹಠಾತ್ ನಿವೃತ್ತಿ. ನಾಲ್ಕು ಜನರ ಮುಂದೆ ನಿಲ್ಲುವುದೇ ಹಿಂಸೆಯಾಗುವಂಥ ಆತಂಕದ ಕಾಯಿಲೆ ತನಗಿದೆ ಅಂತ ಅವನು ಬಾಯಿಬಿಟ್ಟು ಹೇಳಿದ. ಆ ಕಾಲದಲ್ಲಿ ಹಾಗೆ ಹೇಳಲು ಎಷ್ಟು ಧೈರ್ಯ ಬೇಕಿತ್ತು! ಆಟ ಬಿಟ್ಟ ಆ ವರ್ಷ ಅವನು ಸೇರಿಕೊಂಡದ್ದು ಕ್ಯಾಲಿಫೋರ್ನಿಯಾದ ಒಂದು ಆಯುರ್ವೇದ ಕಾಲೇಜಿಗೆ. ವಾತ, ಪಿತ್ತ, ಕಫ ಅಂತ ಪಾಠ ಓದುತ್ತಾ ಕುಳಿತ ಫುಟ್‌ಬಾಲ್ ಆಟಗಾರನನ್ನು ಇಲ್ಲಿನ ಪತ್ರಿಕೆಗಳು ನಕ್ಕು ಹೀಯಾಳಿಸಿದಾಗ ನನಗಾದ ಸಿಟ್ಟು ಇನ್ನೂ ಆರಿಲ್ಲ.

ಆದರೆ ಕೇಳಿದ ಪ್ರಶ್ನೆ ಟೆಕ್ಸಸ್ ತಂಡದ್ದು. ಹಾಗಾದಾಗ ಇಬ್ಬರೂ ಆಸ್ಟಿನ್ ಬಿಟ್ಟ ಮೇಲಿನದನ್ನೆಲ್ಲ ಪಕ್ಕಕ್ಕಿಡಬೇಕು. ಸುಟ್ಟ ಕಿತ್ತಳೆ ಬಣ್ಣದ ಜರ್ಸಿ ತೊಟ್ಟ ನಾಲ್ಕು ವರ್ಷ, ಅಷ್ಟೇ.

ಅರ್ಲ್‌ನ ನಾಲ್ಕು ವರ್ಷ ನೋಡೋಣ. ಅವನು ಗುಲಾಬಿ ಬೆಳೆಯುವ ಟೈಲರ್ ಊರಿನವನು. ಹನ್ನೊಂದು ಮಕ್ಕಳಲ್ಲಿ ಆರನೆಯವನು. ಹನ್ನೊಂದರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ. ತಾಯಿ ಗುಲಾಬಿ ತೋಟದಲ್ಲಿ ದುಡಿದು, ಕಂಡವರ ಮನೆ ಗುಡಿಸಿ ಸಂಸಾರ ಎಳೆದರು. 1973ರಲ್ಲಿ ಅವನ ಹೈಸ್ಕೂಲು ರಾಜ್ಯ ಚಾಂಪಿಯನ್ ಆದಾಗ ಅವನು ಓಡಿದ್ದು 2,000 ಯಾರ್ಡಿಗೂ ಹೆಚ್ಚು. ಅವನು ಆಸ್ಟಿನ್‌ಗೆ ಬಂದ ಕಾಲವನ್ನೂ ನೆನಪಿಡಬೇಕು. 1969ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಟೆಕ್ಸಸ್ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಮರುವರ್ಷ ಜೂಲಿಯಸ್ ವಿಟಿಯರ್ ಕಣಕ್ಕಿಳಿದ. ಆಮೇಲೆ ರೂಸ್‌ವೆಲ್ಟ್ ಲೀಕ್ಸ್ 1973ರಲ್ಲಿ 1,415 ಯಾರ್ಡ್ ಓಡಿ ದಾರಿ ಅಗಲ ಮಾಡಿದ, ಮಂಡಿಗೆ ಪೆಟ್ಟಾಗಿ ಹಿಂದುಳಿದ. 1974ರಲ್ಲಿ ಅರ್ಲ್ ಬಂದ. ಮೂರೇ ವರ್ಷದ ನಂತರ ಇಡೀ ಕ್ರೀಡಾಂಗಣ ಅವನ ಹೆಸರು ಕೂಗುತ್ತಿತ್ತು. ಈ ತಂಡದ ಇತಿಹಾಸವನ್ನು ಅತಿ ಹೆಚ್ಚು ಬದಲಿಸಿದ ರನ್ನಿಂಗ್ ಬ್ಯಾಕ್ ಯಾರು ಅಂತ ಕೇಳಿದರೆ ನಾನು ಮರುಮಾತಿಲ್ಲದೆ ಅರ್ಲ್ ಅನ್ನುತ್ತೇನೆ.

1977ರ ಆ ಋತು! ಹೊಸ ಕೋಚ್ ಫ್ರೆಡ್ ಏಕರ್ಸ್ ಅವನ ಮೈ ಇಳಿಸಲು ಹೇಳಿ, ಅವನನ್ನು ಹೆಚ್ಚು ಸಲ ಚೆಂಡು ಸಿಗುವ ಟೈಲ್‌ಬ್ಯಾಕ್ ಜಾಗದಲ್ಲಿ ನಿಲ್ಲಿಸಿದರು. ಒಕ್ಲಹೋಮ ವಿರುದ್ಧ ಡಲ್ಲಾಸ್‌ನಲ್ಲಿ ಆಟ ನಡೆಸಿ ಚೆಂಡು ಹಂಚುವ ಟೆಕ್ಸಸ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಒಬ್ಬರ ಹಿಂದೊಬ್ಬರು ಗಾಯಗೊಂಡು ಹೊರನಡೆದರು. ಮೂರನೆಯವನಾಗಿ ಬಂದದ್ದು ರ‍್ಯಾಂಡಿ ಮೆಕ್‌ಈಚರ್ನ್. ಚೆಂಡು ಅರ್ಲ್ ಕೈಗೆ, ಮತ್ತೆ ಅರ್ಲ್ ಕೈಗೆ. 24 ಯಾರ್ಡ್ ಓಡಿ ಅವನು ಹೊಡೆದ ಟಚ್‌ಡೌನ್ ಆ ದಿನ ಎರಡೂ ಕಡೆ ಸೇರಿ ಬಂದ ಒಂದೇ ಟಚ್‌ಡೌನ್. ಟೆಕ್ಸಸ್ 13-6ರಿಂದ ಗೆದ್ದಿತು. ಹ್ಯೂಸ್ಟನ್ ವಿಶ್ವವಿದ್ಯಾಲಯದ ವಿರುದ್ಧ ಅಂಕಣದ ಗೆರೆ ದಾಟಿದರೂ ವೇಗ ತಡೆಯಲಾಗದೆ, ಅಲ್ಲಿ ಕಟ್ಟಿದ್ದ ತಂಡದ ಲಾಂಛನ ಬೀವೋ ಅನ್ನುವ ಉದ್ದ ಕೊಂಬಿನ ಎತ್ತಿಗೇ ಡಿಕ್ಕಿ ಹೊಡೆದ. ಕೊನೆಯ ಲೀಗ್ ಪಂದ್ಯದಲ್ಲಿ ಟೆಕ್ಸಸ್ ಎ ಅಂಡ್ ಎಂ ಎದುರು 222 ಯಾರ್ಡ್. ಒಟ್ಟು 1,744 ಯಾರ್ಡ್, ದೇಶಕ್ಕೇ ಮೊದಲಿಗ. ತಂಡ 11ಕ್ಕೆ 11 ಗೆದ್ದು, ಕೊನೆಗೆ ಋತು ಮುಗಿದ ಮೇಲಿನ ಕಾಟನ್ ಬೌಲ್ ಪಂದ್ಯದಲ್ಲಿ ನಾಟ್ರ ಡೇಮ್ ಎದುರು 38-10ರಿಂದ ಸೋತಿತು.

ಆ ಒಂದು ವರ್ಷ ಅದ್ಭುತ. ಉಳಿದ ಮೂರು? 928, 1,118, ಆಮೇಲೆ ತೊಡೆಯ ಸ್ನಾಯು ಕಾಡಿದ 1976ರಲ್ಲಿ 653. ಇಲ್ಲಿ ಪಕ್ಕದ ಮನೆಯವರು ಮುಂದೆ ಬಾಗಿ ಹೇಳುವ ಮಾತು ನನಗೆ ಬಾಯಿಪಾಠ: "ಹಿಂದಿನ ಕೋಚ್ ಡ್ಯಾರೆಲ್ ರಾಯಲ್ ಅವರ ವಿಶ್‌ಬೋನ್ ಪದ್ಧತಿಯಲ್ಲಿ ಅವನು ಫುಲ್‌ಬ್ಯಾಕ್, ಮೂವರು ಓಟಗಾರರಲ್ಲಿ ಒಬ್ಬ. ಚೆಂಡು ಮೂರು ಪಾಲು ಆಗುತ್ತಿತ್ತು. ಮೊದಲಿಂದಲೇ ಟೈಲ್‌ಬ್ಯಾಕ್ ಮಾಡಿದ್ದರೆ ನೋಡಬೇಕಿತ್ತು."

ಮಾತು ನಿಜ. ಆದರೆ ರಿಕಿಯ ಮೊದಲ ಎರಡು ವರ್ಷ ಅವನನ್ನು ಎಲ್ಲಿ ಆಡಿಸಿದರು ಅಂತ ಯಾರೂ ನೆನಪಿಟ್ಟುಕೊಂಡಿಲ್ಲ. ಅವನೂ ಫುಲ್‌ಬ್ಯಾಕೇ! ಸ್ಯಾನ್ ಡಿಯೇಗೊದಿಂದ 1995ರಲ್ಲಿ ಬಂದ ಹುಡುಗನನ್ನು ಆಗಿನ ಕೋಚ್ ಜಾನ್ ಮ್ಯಾಕೋವಿಕ್ ಆ ಜಾಗದಲ್ಲಿ ನಿಲ್ಲಿಸಿದರು. ಚೆಂಡಿಗೆ ಪಾಲುದಾರರಾಗಿ ಶಾನ್ ಮಿಚೆಲ್, ಪ್ರೀಸ್ಟ್ ಹೋಮ್ಸ್ ಅಂಥವರಿದ್ದರು. ಹಾಗಿದ್ದೂ ಮೊದಲ ವರ್ಷವೇ 990 ಯಾರ್ಡ್ ಓಡಿ, ಹೊಸಬರಲ್ಲಿ ಅರ್ಲ್‌ನ ಹೆಸರಲ್ಲಿದ್ದ ದಾಖಲೆ ಮುರಿದ. ಎರಡನೇ ವರ್ಷ 1,272. ಅಲ್ಲಿಗೆ ಫುಲ್‌ಬ್ಯಾಕ್ ಅನ್ನುವ ನೆಪ ಇಬ್ಬರಿಗೂ ಸಮ ಆಯಿತು.

ಇನ್ನು ನಾನು ಕಂಡದ್ದು. 1997ರ ಸೆಪ್ಟೆಂಬರಿನಲ್ಲಿ, ನಿಯಮವೂ ಸರಿಯಾಗಿ ಅರ್ಥವಾಗದ ನಾನು, ರೂಮ್‌ಮೇಟ್ ಕೊಟ್ಟ ವಿದ್ಯಾರ್ಥಿ ಟಿಕೆಟ್ಟಿನಲ್ಲಿ ನೋಡಿದ ಮೊದಲ ಪಂದ್ಯ ಯುಸಿಎಲ್‌ಎ ವಿರುದ್ಧದ್ದು. ಮನೆಯಂಗಳದಲ್ಲೇ ಟೆಕ್ಸಸ್ 66-3ರಿಂದ ಸೋತಿತು. ಸುತ್ತಲಿದ್ದವರು ಅರ್ಧದಲ್ಲೇ ಎದ್ದು ಹೋದರು. ಆ ವರ್ಷ ತಂಡ ನಾಲ್ಕು ಗೆದ್ದು ಏಳು ಸೋತಿತು, ಕೋಚ್ ಕೆಲಸ ಹೋಯಿತು. ಎದುರಾಳಿಗಳಿಗೆಲ್ಲ ಗೊತ್ತಿತ್ತು, ಟೆಕ್ಸಸ್ ಬಳಿ ಇರುವುದು ಒಬ್ಬನೇ ಅಂತ. ಬೆನ್ನ ಮೇಲೆ ಜಡೆ ಇಳಿಬಿಟ್ಟ, ಕಂಬದಂಥ ತೊಡೆಗಳ ಆ ಒಬ್ಬನಿಗಾಗಿ ಎಂಟು ಒಂಬತ್ತು ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅಂಥ ತಂಡದಲ್ಲಿ ಅವನು 1,893 ಯಾರ್ಡ್ ಓಡಿದ, ಓಡಿ 25 ಟಚ್‌ಡೌನ್ ಹೊಡೆದ. ಅವನೂ ದೇಶಕ್ಕೇ ಮೊದಲಿಗ. ಗೆಲ್ಲುವ ತಂಡದಲ್ಲಿ ಓಡುವುದು ಬೇರೆ, ಮುಳುಗುವ ತಂಡದಲ್ಲಿ ಪ್ರತಿ ಶನಿವಾರ ಎದ್ದು ನಿಂತು ಓಡುವುದು ಬೇರೆ. ನನ್ನ ತೀರ್ಮಾನದ ಅರ್ಧ ಆ ವರ್ಷವೇ ಆಗಿಹೋಗಿತ್ತು.

ಆಗ ಅವನು ಕಾಲೇಜು ಬಿಟ್ಟು ವೃತ್ತಿಪರ ಲೀಗಿಗೆ ಹೋಗಬಹುದಿತ್ತು, ಕೋಟಿಗಟ್ಟಲೆ ಹಣ ಕಾದಿತ್ತು. ಹೋಗಲಿಲ್ಲ. ಹೊಸ ಕೋಚ್ ಮ್ಯಾಕ್ ಬ್ರೌನ್ ಜೊತೆ ಇನ್ನೊಂದು ವರ್ಷ ಉಳಿದ. 1998ರಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು, ಮೇಜರ್ ಆ್ಯಪಲ್‌ವೈಟ್ ಅನ್ನುವ ಹೊಸ ಹುಡುಗ ಆ ಜಾಗಕ್ಕೆ ಬಂದ. ಕ್ಯಾನ್ಸಸ್ ಸ್ಟೇಟ್ ತಂಡ ರಿಕಿಯನ್ನು 43 ಯಾರ್ಡಿಗೆ ಕಟ್ಟಿಹಾಕಿ 48-7ರಿಂದ ಸೋಲಿಸಿತು. ಅವನ ಪಕ್ಷದವನಾಗಿಯೂ ಇದನ್ನು ಮುಚ್ಚಿಡಲಾರೆ. ಅದರ ಬೆನ್ನಿಗೇ ರೈಸ್ ವಿರುದ್ಧ 318, ಅಯೋವಾ ಸ್ಟೇಟ್ ವಿರುದ್ಧ 350. ಸೊಂಟ ಮುರಿದುಕೊಂಡು ಬಿದ್ದವನು ಎದ್ದು ಬಂದ ಹಾಗೆ. ನೆಬ್ರಾಸ್ಕ ತನ್ನ ನೆಲದಲ್ಲಿ ಸತತ 47 ಪಂದ್ಯ ಗೆದ್ದುಕೊಂಡು ಬಂದಿತ್ತು. ಅಲ್ಲಿಗೇ ಹೋಗಿ 150 ಯಾರ್ಡ್ ಓಡಿದ, ಟೆಕ್ಸಸ್ 20-16ರಿಂದ ಗೆದ್ದಿತು.

ನನಗೆ ಅತ್ಯಂತ ಪ್ರಿಯವಾದದ್ದು ಇವು ಯಾವುದೂ ಅಲ್ಲ. ಡೋಕ್ ವಾಕರ್ ಅನ್ನುವ ಹಳೆಯ ಕಾಲದ ಹೈಸ್‌ಮನ್ ವಿಜೇತರು ರಿಕಿಗೆ ಆಪ್ತರಾಗಿದ್ದರು. ಅವರು ಆಡಿದ್ದು ಬೇರೆ ಕಾಲೇಜಿಗೆ. ಆ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಮುಂದಿನ ತಿಂಗಳು ಒಕ್ಲಹೋಮ ವಿರುದ್ಧ ರಿಕಿ ತನ್ನ 34ನೇ ನಂಬರ್ ಬಿಟ್ಟು ವಾಕರ್ ಅವರ 37 ತೊಟ್ಟು ಬಂದ. 139 ಯಾರ್ಡ್, ಎರಡು ಟಚ್‌ಡೌನ್. ತಂಡ 34-3ರಿಂದ ಗೆದ್ದಿತು. ಇಪ್ಪತ್ತೊಂದರ ಹುಡುಗ ಎಪ್ಪತ್ತು ದಾಟಿದ ಹಿರಿಯರಿಗೆ ಸಲ್ಲಿಸಿದ ಮರ್ಯಾದೆ ಅದು.

ಮತ್ತೆ 1998ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಮರುದಿನ. ಎದುರಾಳಿ ಎ ಅಂಡ್ ಎಂ. ಟೋನಿ ಡಾರ್ಸೆಟ್ 1976ರಲ್ಲಿ ಬರೆದಿಟ್ಟ, ಕಾಲೇಜು ಆಟದ ಎಲ್ಲ ವರ್ಷ ಸೇರಿದ 6,082 ಯಾರ್ಡ್‌ಗಳ ದಾಖಲೆ ಮುರಿಯಲು 63 ಯಾರ್ಡ್ ಬೇಕಿತ್ತು. ಮೊದಲ ಕ್ವಾರ್ಟರ್ ಮುಗಿಯುತ್ತಾ ಬಂದಿತ್ತು. ರಿಕಿ ಎಡಕ್ಕೆ ನುಗ್ಗಿದ, ಸಂದಿ ತೆರೆದುಕೊಂಡಿತು, ಇಡೀ ಕ್ರೀಡಾಂಗಣ ಒಟ್ಟಿಗೆ ಎದ್ದಿತು. 60 ಯಾರ್ಡ್. ಗೆರೆಯ ಹತ್ತಿರ ಒಬ್ಬ ಅವನ ಮೈಗೆ ಜೋತುಬಿದ್ದ. ಅವನನ್ನೂ ಎಳೆದುಕೊಂಡೇ ಒಳಗೆ ಬಿದ್ದ. ಪಂದ್ಯ ನಿಲ್ಲಿಸಿ ಚೆಂಡನ್ನು ಅವನ ಕೈಗಿಟ್ಟರು. ನಾನು ಮೇಲಿನ ಸಾಲಿನಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ, ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಆ ದಿನ ಅವನು 44 ಸಲ ಚೆಂಡು ಹೊತ್ತು 259 ಯಾರ್ಡ್ ಓಡಿದ. ಟೆಕ್ಸಸ್ 26-24ರಿಂದ ಗೆದ್ದಿತು.

ಈಗ ಅಂಕಿಗಳನ್ನು ಎದುರುಬದುರು ಇಡಿ. ಅರ್ಲ್ ನಾಲ್ಕು ವರ್ಷಕ್ಕೆ 4,443 ಯಾರ್ಡ್; ರಿಕಿ ಕೊನೆಯ ಎರಡೇ ವರ್ಷಕ್ಕೆ 4,017, ಒಟ್ಟು 6,279. ಓಡಿ ಹೊಡೆದ ಟಚ್‌ಡೌನ್ ಅರ್ಲ್‌ದು 40, ರಿಕಿಯದು 72. ಚೆಂಡು ಹೆಚ್ಚು ಸಲ ಕೊಟ್ಟರು, ಅದಕ್ಕೇ ಹೆಚ್ಚು ಓಡಿದ ಅನ್ನುವವರಿದ್ದಾರೆ. ಆದರೆ ಒಂದು ಓಟಕ್ಕೆ ಸರಾಸರಿ ನೋಡಿದರೂ ಅರ್ಲ್ 5.8, ರಿಕಿ 6.2. ಹೆಚ್ಚು ಹೊತ್ತವನು ದಣಿದು ಸರಾಸರಿ ಇಳಿಯಬೇಕಿತ್ತು, ಇಳಿಯಲಿಲ್ಲ.

ಬಿಜಾನ್ ರಾಬಿನ್ಸನ್ ಹೆಸರೆತ್ತುವ ಮಕ್ಕಳಿಗೆ: ಅವನ ಕಾಲಿನ ಚಳಕ ಇವರಿಬ್ಬರಿಗೂ ಇರಲಿಲ್ಲ, ಒಪ್ಪಿದೆ. ಆದರೆ ಮೂರು ವರ್ಷಕ್ಕೆ 3,410 ಯಾರ್ಡ್ ಈ ಸಾಲಿಗೆ ಸಾಲದು. ನಿಜವಾಗಿ ಅನ್ಯಾಯವಾಗಿರುವುದು ಸೆಡ್ರಿಕ್ ಬೆನ್ಸನ್‌ಗೆ. 2001ರಿಂದ ನಾಲ್ಕು ವರ್ಷವೂ ಸಾವಿರ ದಾಟಿ 5,540 ಯಾರ್ಡ್ ಓಡಿದ, ಅರ್ಲ್‌ಗಿಂತ ಸಾವಿರಕ್ಕೂ ಹೆಚ್ಚು. ಆದರೂ ಈ ಚರ್ಚೆಯಲ್ಲಿ ಅವನನ್ನು ಯಾರೂ ಮೊದಲಾಗಿ ಹೆಸರಿಸುವುದಿಲ್ಲ. 2019ರಲ್ಲಿ ಇದೇ ಆಸ್ಟಿನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ, 36 ವರ್ಷಕ್ಕೆ.

2020ರಲ್ಲಿ ಕ್ರೀಡಾಂಗಣದ ಆ ಹಸಿರು ಅಂಕಣಕ್ಕೇ ಕ್ಯಾಂಪ್‌ಬೆಲ್-ವಿಲಿಯಮ್ಸ್ ಫೀಲ್ಡ್ ಅಂತ ಹೆಸರಿಟ್ಟರು. ಪಕ್ಕದ ಮನೆಯವರು ಮರುದಿನವೇ ಬೇಲಿ ಹತ್ತಿರ ಬಂದು, "ನೋಡಿದೆಯಾ, ಯಾರ ಹೆಸರು ಮೊದಲು ಬಂತು?" ಅಂದರು. ಅವರು ಅರ್ಲ್‌ನನ್ನು ಎದುರಿಗೇ ನೋಡಿದವರು, ನಾನು ನೋಡಿರುವುದು ಹಳೆಯ ವಿಡಿಯೊ ಮಾತ್ರ. ಆ ಭೇದಕ್ಕೆ ಬೆಲೆ ಕೊಡಬೇಕು. ಅದಕ್ಕೇ ಒಂದನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟಿದ್ದೇನೆ. ನಾಲ್ಕನೇ ಡೌನ್, ಬೇಕಾಗಿರುವುದು ಒಂದೇ ಯಾರ್ಡ್, ಎದುರಿಗೆ ಹನ್ನೊಂದು ಜನ ಗೋಡೆ ಕಟ್ಟಿ ನಿಂತಿದ್ದಾರೆ ಅನ್ನಿ. ಆಗ ನಾನೂ ಚೆಂಡನ್ನು ಅರ್ಲ್ ಕೈಗೇ ಕೊಡುತ್ತೇನೆ.