ಊಟದ ಜೊತೆಗೇ ಸಿಹಿ: ಐದನೇ ವಾರ

ಬಸವನಗುಡಿಯ ನಮ್ಮ ಮನೆಯಲ್ಲಿ ರಾತ್ರಿ ಎಂಟು ಗಂಟೆ ಅಂದರೆ ಜಗಳದ ಹೊತ್ತಾಗಿತ್ತು. "ಪಲ್ಯ ಖಾಲಿ ಮಾಡು, ಆಮೇಲೆ ಸಿಹಿ" ಅಂತ ನಾನು. ಮಗಳಿಗೆ ಆರು ವರ್ಷ, ಮಗನಿಗೆ ಒಂಬತ್ತು. ಇಬ್ಬರೂ ಪಲ್ಯವನ್ನು ಔಷಧಿ ಥರ ನುಂಗಿ ಡಬ್ಬಿ ಕಡೆ ಓಡುತ್ತಿದ್ದರು. ಅದಕ್ಕೇ ಈ ಪ್ರಯೋಗ. ದಿನಾ ಒಂದು ಚಿಕ್ಕ ಸಿಹಿ, ಅನ್ನ ಸಾರಿನ ಜೊತೆಗೇ ತಟ್ಟೆಗೆ. ಷರತ್ತಿಲ್ಲ. ಎರಡನೇ ಸಲ ಬಡಿಸುವುದೂ ಇಲ್ಲ.

ದಾರಿ ತೋರಿಸಿದ್ದು ನಮ್ಮತ್ತೆ. "ಎಲೆ ಊಟದಲ್ಲಿ ಪಾಯಸ ಮೊದಲೇ ಬಡಿಸ್ತೀವಲ್ಲ, ಅದಕ್ಕೇಂತ ಯಾರಾದ್ರೂ ಹುಳಿಯನ್ನ ಬಿಟ್ಟು ಎದ್ದಿದ್ದಾರಾ?" ಅಂದರು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಕೂಡ ಇದನ್ನೇ ಹೇಳುತ್ತಾರೆ: ಒಂದೇ ಪಾಲು, ಊಟದ ಜೊತೆಗೆ, ಯಾವುದನ್ನು ಮೊದಲು ತಿನ್ನಬೇಕು ಅನ್ನೋದು ಮಗುವಿಗೆ ಬಿಟ್ಟದ್ದು.

ಮೊದಲ ವಾರ ನನಗೇ ಕಷ್ಟ ಆಯಿತು. ಮಗಳು ಸಿಹಿ ತಿಂದು, ನಾಲ್ಕು ತುತ್ತು ಅನ್ನ ತಿಂದು ಎದ್ದುಬಿಡುತ್ತಿದ್ದಳು. ಬಾಯಿ ಬಿಗಿ ಹಿಡಿದು ಸುಮ್ನೆ ಕೂತೆ.

ಎರಡನೇ ವಾರ ತಕ್ಕಡಿ ಹಿಡಿದೆ. 2ರಿಂದ 18 ವರ್ಷದ ಮಕ್ಕಳಿಗೆ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ, ಅಂದರೆ ಸುಮಾರು 6 ಟೀ ಚಮಚ, ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದೆ. ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ. ನಮ್ಮ ಮನೆಯ ಲೆಕ್ಕ ನೋಡಿ ಗಾಬರಿಯಾಯಿತು. ಬೆಳಗ್ಗೆ, ಸಂಜೆ ಹಾಲಿಗೆ ಎರಡೆರಡು ಚಮಚ ಅಂದರೆ ಅಲ್ಲೇ 16 ಗ್ರಾಂ! ಮೇಲೆ ಕ್ರೀಮ್ ಬಿಸ್ಕತ್ತು. ನಾವು ಜಗಳ ಆಡುತ್ತಿದ್ದದ್ದು ರಾತ್ರಿಯ ಒಂದು ತುಂಡು ಮಿಠಾಯಿಗೆ, ಸಕ್ಕರೆ ಹೋಗುತ್ತಿದ್ದದ್ದು ಹಾಲಿನ ಲೋಟದಲ್ಲಿ. ಬೆಲ್ಲ ಹಾಕಿದರೆ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ. ಅದೂ ಸಕ್ಕರೆಯೇ, ಅಲ್ವಾ? ಹಾಲಿನದನ್ನು ಒಂದೊಂದು ಚಮಚಕ್ಕೆ ಇಳಿಸಿದೆ. ಮೂರು ದಿನ ಮುಖ ಸಿಂಡರಿಸಿದರು, ಆಮೇಲೆ ಸರಿಹೋಯಿತು.

ಆಮೇಲಿನ ಎರಡು ವಾರ ಅಡುಗೆಯದೇ ಖುಷಿ. ಗಾಂಧಿಬಜಾರಿನಿಂದ ಕಳಿತ ಏಲಕ್ಕಿ ಬಾಳೆ ತಂದು, ಕಾಯಿಹಾಲು, ಏಲಕ್ಕಿ ಪುಡಿ ಹಾಕಿ ರಸಾಯನ ಮಾಡಿದೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲವೇ ಬೇಡ. ಹುರಿಹಿಟ್ಟಿನ ಉಂಡೆ ಮೊದಲ ಸಲ ಪುಡಿಪುಡಿಯಾಯಿತು, ತುಪ್ಪ ಬಿಸಿಯಿರುವಾಗಲೇ ಕಟ್ಟಬೇಕಿತ್ತು. ನಿಂಬೆ ಗಾತ್ರಕ್ಕಿಂತ ಚಿಕ್ಕದಾಗಿ ಕಟ್ಟುತ್ತೇನೆ.

ಈ ವಾರ, ಗುರುವಾರ. ಮಗಳು ಅರ್ಧ ಉಂಡೆ ತಟ್ಟೆಯಲ್ಲೇ ಬಿಟ್ಟು "ಅಮ್ಮಾ, ಇನ್ನೊಂಚೂರು ಸಾರು" ಅಂದಳು. ನನಗೆ ಕಣ್ಣು ತುಂಬಿ ಬಂತು. ದಿನಾ ಸಿಹಿ ಕೊಡಬಹುದು ಅಂತ ನನಗೀಗ ಧೈರ್ಯ ಬಂದಿದೆ. ಅದು ಚಿಕ್ಕದಿರಬೇಕು, ಬಹುಮಾನ ಆಗಬಾರದು.

ಹುಟ್ಟುಹಬ್ಬಗಳ ಚಾಕ್ಲೇಟು ಪೊಟ್ಟಣ ಮಾತ್ರ ಇನ್ನೂ ಬಗೆಹರಿದಿಲ್ಲ. ಮುಂದಿನ ವಾರ ಅದನ್ನೂ ರಾತ್ರಿ ತಟ್ಟೆಗೇ, ದಿನಕ್ಕೆ ಒಂದರಂತೆ, ಹಾಕಿ ನೋಡುತ್ತೇನೆ.