‘ಕನ್ನಡ ಬೆಂಬಲ ಇರತಕ್ಕದ್ದು’

ನಮ್ಮ ಇಲಾಖೆಯ ತಂತ್ರಾಂಶಕ್ಕೆ ಕರೆದ ಆರ್‌ಎಫ್‌ಪಿಯಲ್ಲಿ (ಟೆಂಡರ್ ದಾಖಲೆ) ಇಎಂಡಿ (ಬಿಡ್ ಠೇವಣಿ), ಟರ್ನೋವರ್, ಅಫಿಡವಿಟ್‌ಗಳಿಗೆ ಪುಟಗಟ್ಟಲೆ ಜಾಗವಿತ್ತು. ಕನ್ನಡಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ತಂತ್ರಾಂಶಕ್ಕೆ ಕನ್ನಡ ಬೆಂಬಲ ಇರತಕ್ಕದ್ದು.’ ಬೇರೆ ಇಲಾಖೆಯ ಹಳೇ ಟೆಂಡರ್‌ನಿಂದ ಎತ್ತಿದ ಕರಡು ಅದು. ಒಂದು ಕಡೆ ಆ ಇಲಾಖೆಯ ಹೆಸರೂ ಹಾಗೇ ಉಳಿದಿತ್ತು.

ಬಿಡ್ ಹಾಕುವ ಮುನ್ನ ಕಂಪನಿಗಳು ಪ್ರಶ್ನೆ ಕೇಳುವ ಪ್ರೀ-ಬಿಡ್‌ನಲ್ಲಿ ಒಬ್ಬರು ಸರಿಯಾಗಿಯೇ ಕೇಳಿದ್ದರು: ಹಳೇ ಡೇಟಾ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿದೆಯೋ, ಎಲ್ಲ ಕಡೆ ನಡೆಯುವ ಯೂನಿಕೋಡ್‌ನಲ್ಲೋ? ಬದಲಾಯಿಸುವ ಹೊಣೆ ಯಾರದು? ‘ಆರ್‌ಎಫ್‌ಪಿ ಷರತ್ತಿನಂತೆ’ ಅಂತ ಟೈಪ್ ಮಾಡಿ ಕಳಿಸಿದೆ. ಎಲ್ಲರೂ ಕೊಡುವ ಉತ್ತರವೇ. ಕಾರಿಜೆಂಡಮ್ (ತಿದ್ದುಪಡಿ) ಹೊರಡಿಸಿದರೆ ಕೊನೆ ದಿನಾಂಕ ಮುಂದೆ ಹೋಗುತ್ತದೆ, ಮಾರ್ಚ್ ಹತ್ತಿರ ಬಂದಿದೆ, ಅನುದಾನ ಲ್ಯಾಪ್ಸ್ ಆಗುತ್ತದೆ ಅನ್ನುವ ಗಡಿಬಿಡಿ. ಕೇಳಿದವರು ಆ ಕೆಲಸಕ್ಕೂ ದರ ಸೇರಿಸಿ ಸೋತರು. ಕೇಳದೆ ಕೂತವರು ಎಲ್-1, ಅಂದರೆ ಅತಿ ಕಡಿಮೆ ದರದವರು; ಕೆಲಸ ಅವರಿಗೇ.

ತಂತ್ರಾಂಶ ಒಪ್ಪಿಕೊಳ್ಳುವ ಮೊದಲಿನ ಪರೀಕ್ಷೆ, ಯುಎಟಿಯಲ್ಲಿ ಮೆನು, ಬಟನ್ ಎಲ್ಲ ಚೆಂದದ ಕನ್ನಡ. ನಿರ್ದೇಶಕರು ಖುಷಿಯಾಗಿ ‘ಒಂದು ರಸೀದಿ ತೆಗೀರಿ’ ಅಂದರು. ಪಿಡಿಎಫ್‌ನಲ್ಲಿ ಕೃಷ್ಣಪ್ಪ ‘ಕೃಷ್‌ಣಪ್‌ಪ’ ಆಗಿ ಬಂದ. ‘ಇದೇ ಹೆಸರು ಹುಡುಕಿ ನೋಡೋಣ.’ ದಾಖಲೆ ಇಲ್ಲ. ಹಳೇ ಪಟ್ಟಿಯನ್ನು ನುಡಿಯ ಆಸ್ಕಿಯಲ್ಲೇ ಸುರಿದಿದ್ದರು: ಒಳಗೆ ರೋಮನ್ ಅಕ್ಷರ, ಮೇಲೆ ಕನ್ನಡದ ಫಾಂಟು. ಯೂನಿಕೋಡ್‌ನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು?

ವೆಂಡರ್ ಕಡೆಯ ಮ್ಯಾನೇಜರ್ ಆರ್‌ಎಫ್‌ಪಿಯ ಆ ಪುಟ ತೆಗೆದು ವಿನಯದಿಂದಲೇ ಮುಂದೆ ಸರಿಸಿದರು. ‘ಬೆಂಬಲ ಕೊಟ್ಟಿದ್ದೀವಲ್ಲ ಸರ್. ಕನ್ವರ್ಶನ್ ಸ್ಕೋಪ್‌ನಲ್ಲಿಲ್ಲ, ಸಿ.ಆರ್. ಆಗುತ್ತೆ.’ ಸಿ.ಆರ್. ಅಂದರೆ ಚೇಂಜ್ ರಿಕ್ವೆಸ್ಟ್: ಹೆಚ್ಚುವರಿ ಕೆಲಸ, ಹೆಚ್ಚುವರಿ ದುಡ್ಡು. ನಿರ್ದೇಶಕರು ನನ್ನ ಕಡೆ ತಿರುಗಿ ‘ಏನ್ರೀ?’ ಅಂದರು. ಇನ್ನೊಂದು ಸಾಲು ಎಲ್ಲಾದರೂ ಇದ್ದೀತು ಅಂತ ಪುಟ ಮಗುಚುತ್ತಲೇ ಇದ್ದೆ. ಸಿಕ್ಕಿದ್ದು ‘ಯೂಸರ್ ಫ್ರೆಂಡ್ಲಿ’, ‘ರೋಬಸ್ಟ್’. ಇವನ್ನಿಟ್ಟುಕೊಂಡು ಯಾರನ್ನು ಫೇಲ್ ಮಾಡುವುದು? ಬೇಕಾದ್ದು ಅಳೆಯಲು ಬರುವಂತಿರಬೇಕು ಅಂತ ಕೇಂದ್ರದ ಹಣಕಾಸು ನಿಯಮಾವಳಿ ಜಿಎಫ್ಆರ್ 2017ರ ನಿಯಮ 144 ಹೇಳುತ್ತದೆ. ನಾವು ರಾಜ್ಯದವರು, ನಮಗೆ ರಾಜ್ಯದ ಖರೀದಿ ಕಾಯ್ದೆ ಕೆಟಿಪಿಪಿ. ಆದರೂ ಕದಿಯುವುದಾದರೆ ಅಂಥ ಸಾಲು ಕದಿಯಬೇಕಿತ್ತು.

ಸಿ.ಆರ್. ಕೊಟ್ಟೆವು. ಆ ಮೊತ್ತ ಸೇರಿಸಿ ನೋಡಿದರೆ ಎಲ್-1, ಎಲ್-2 ನಡುವಿನ ಅಂತರ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುವ ಧೈರ್ಯ ಯಾರೂ ಮಾಡಲಿಲ್ಲ.

ಮುಂದಿನ ಆರ್‌ಎಫ್‌ಪಿಗೆ ಹೆಸರುಗಳ ಅನುಬಂಧವನ್ನೇ ಜೋಡಿಸಿದೆ: ಒತ್ತಕ್ಷರ, ಅರ್ಕಾವತ್ತು ತುಂಬಿದ ಹೆಸರುಗಳು. ಪರದೆ, ಪಿಡಿಎಫ್, ಎಸ್ಸೆಮ್ಮೆಸ್ ಮೂರರಲ್ಲೂ ಒಂದೇ ರೀತಿ ಬರಬೇಕು. ‘ಸೂರ್ಯ’ ಅಂತ ಹುಡುಕಿದರೆ ‘ಸೂರ‍್ಯ’ನೂ ಸಿಗಬೇಕು. ನುಡಿ ಡೇಟಾ ಬದಲಾಯಿಸುವುದು ಬಿಡ್ಡರ್ ಹೊಣೆ, ದರದಲ್ಲೇ ಸೇರಿರಬೇಕು. ಕನ್ನಡ ಎಸ್ಸೆಮ್ಮೆಸ್ಸಿನಲ್ಲಿ ಒಂದು ಸಂದೇಶಕ್ಕೆ ಇಂಗ್ಲಿಷಿನಂತೆ 160 ಅಲ್ಲ, 70 ಅಕ್ಷರವೇ ಮಿತಿ. ಆ ಖರ್ಚು ಯಾರದೆಂದೂ ಬರೆದೆ.

ಕಡತ ಮೇಲೆ ಹೋಗಿ ಬಂದಾಗ ಟಿಪ್ಪಣಿ ಹಾಳೆಯಲ್ಲಿ ಹಸಿರು ಇಂಕಿನ ಷರಾ: ‘ಇಷ್ಟು ವಿವರ ಅಗತ್ಯವೇ? ಸ್ಪರ್ಧೆ ಕುಗ್ಗಬಹುದು. ಚರ್ಚಿಸಿ.’